ಚಂದದ ಫೋಟೋ, ಓದಲಾಗದ ಶಾಸನ

ಶಾಸನಗಳ ಹುಚ್ಚು ಹಿಡಿದು ಹದಿನೈದು ವರ್ಷವಾಯಿತು. ಈ ಅವಧಿಯಲ್ಲಿ ನಾನು ತೆಗೆದು ಹಂಚಿಕೊಂಡ ಫೋಟೋಗಳಲ್ಲಿ ಅತಿ ಹೆಚ್ಚು ಮೆಚ್ಚುಗೆ ಪಡೆದದ್ದು ಒಂದು ವೀರಗಲ್ಲಿನದು. ಕೋಲಾರ ಕಡೆಯ ಒಂದು ಹಳ್ಳಿ, ಕೆರೆ ಏರಿಯ ಪಕ್ಕ ಹುಣಸೆಮರ, ಮರದಡಿ ಮೂರು ಹಂತದ ವೀರಗಲ್ಲು. ಸೂರ್ಯ ಕಲ್ಲಿನ ಹಿಂದೆ ಇಳೀತಿದ್ದ. ಕಲ್ಲಿನ ಅಂಚಿಗೆಲ್ಲ ಬಂಗಾರದ ಗೆರೆ ಎಳೆದ ಹಾಗಿತ್ತು. ನಾನು ಮಂಡಿಯೂರಿ ಕೂತು ಮೊಬೈಲಿನಲ್ಲಿ ಕ್ಲಿಕ್ ಮಾಡಿದೆ. ಅವತ್ತು ರಾತ್ರಿಯೇ ಹಂಚಿಕೊಂಡೆ. ಗೊತ್ತಿರುವವರು, ಗೊತ್ತಿಲ್ಲದವರು ಎಲ್ಲರೂ ಹೊಗಳಿದರು. ಒಬ್ಬರು ತಮ್ಮ ಕ್ಯಾಲೆಂಡರಿಗೆ ಬೇಕು ಅಂತ ಕೇಳಿ ತಗೊಂಡರು.

ಈ ಬರಹದಲ್ಲಿ ಶಾಸನದ ಫೋಟೋಗಳನ್ನು ಸ್ವಲ್ಪ ನಿಷ್ಠುರವಾಗಿ ನೋಡಬೇಕು ಅಂತಿದ್ದೇನೆ. ಬೇರೆಯವರ ಫೋಟೋ ಹಿಡಿದು ಶುರುಮಾಡಿದರೆ ಸರಿ ಇರಲ್ಲ. ಹಾಗಾಗಿ ಮೊದಲು ನನ್ನದೇ.

ಆ ವೀರಗಲ್ಲಿನ ಹಂತಗಳ ನಡುವಿನ ಎರಡೂ ಪಟ್ಟಿಕೆಗಳಲ್ಲಿ ಬರಹ ಇತ್ತು. ಇತ್ತು ಅನ್ನೋದು ನೆನಪಿದೆ, ಬೆರಳಾಡಿಸಿಯೂ ನೋಡಿದ್ದೆ. ‘ಇನ್ನೊಂದು ಸಲ ಬಂದು ನಿಧಾನವಾಗಿ ಓದೋಣ’ ಅಂದುಕೊಂಡು ಬಂದೆ. ಆ ಇನ್ನೊಂದು ಸಲ ಬರೋದಕ್ಕೆ ಎರಡು ವರ್ಷ ಹಿಡಿಯಿತು. ಹೋದಾಗ ಹುಣಸೆಮರವೂ ಇಲ್ಲ, ಕಲ್ಲೂ ಇಲ್ಲ. ಏರಿ ಅಗಲ ಮಾಡಿದ್ದರು. ಅಲ್ಲೇ ಆಡು ಮೇಯಿಸ್ತಿದ್ದ ಅಜ್ಜ ಒಬ್ಬರನ್ನು ಕೇಳಿದೆ. "ಜೇಸಿಬಿ ಬಂದಿತ್ತಲ್ಲ ಸಾಮಿ, ಮಣ್ಣಿನ ಜತೆಗೆ ಏರಿಗೇ ಹಾಕವ್ರೆ ಅಂತ ಕಾಣ್ತದೆ" ಅಂದರು. ಕಟ್ಟೆಯ ಉದ್ದಕ್ಕೂ ನಡೆದು ನೋಡಿದೆ. ಸಿಗಲಿಲ್ಲ.

ಮನೆಗೆ ಬಂದು ಎಪಿಗ್ರಾಫಿಯಾ ಕರ್ನಾಟಿಕದ ಕೋಲಾರ ಜಿಲ್ಲೆಯ ಸಂಪುಟ ತೆಗೆದೆ. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಹತ್ತನೇ ಸಂಪುಟ. ಆ ಹಳ್ಳಿಯ ಹೆಸರಿನಲ್ಲಿ ಹುಡುಕಿದೆ, ಅಕ್ಕಪಕ್ಕದ ಹಳ್ಳಿಗಳನ್ನೂ ನೋಡಿದೆ. ಈ ಕಲ್ಲು ದಾಖಲಾಗಿರಲಿಲ್ಲ. ಅಂದರೆ ಆ ಶಾಸನದ್ದು ಅಂತ ನನ್ನ ಹತ್ತಿರ ಉಳಿದಿರೋದು ಆ ಬಂಗಾರದ ಗೆರೆಯ ಫೋಟೋ ಒಂದೇ. ಮೂಲ ಫೈಲು ಹಳೇ ಮೊಬೈಲಿನ ಜತೆಗೆ ಹೋಯಿತು. ಇರೋದು ಹಂಚಿಕೊಳ್ಳುವಾಗ ಕುಗ್ಗಿದ ಪ್ರತಿ, ಉದ್ದ 1600 ಪಿಕ್ಸೆಲ್.

ಎಂಜಿನಿಯರ್ ಬುದ್ಧಿ, ಲೆಕ್ಕ ಹಾಕದೆ ಬಿಡಲ್ಲ. ಫೋಟೋದಲ್ಲಿ ಆಕಾಶ, ಮರ, ಕೆರೆ ಎಲ್ಲ ಸೇರಿ ಕಲ್ಲಿಗೆ ಸಿಕ್ಕಿರೋದು ಎತ್ತರದ ಮೂರನೇ ಒಂದು ಭಾಗ, ಸುಮಾರು 530 ಪಿಕ್ಸೆಲ್. ಕಲ್ಲು ಸುಮಾರು ಐದಡಿ, ಅಂದರೆ 150 ಸೆಂಟಿಮೀಟರ್. ಒಂದು ಸೆಂಟಿಮೀಟರಿಗೆ ಮೂರೂವರೆ ಪಿಕ್ಸೆಲ್ ಬಂತು. ಅಕ್ಷರ ಮೂರು ಸೆಂಟಿಮೀಟರ್ ಎತ್ತರ ಅಂತಿಟ್ಟುಕೊಂಡರೆ ಇಡೀ ಅಕ್ಷರಕ್ಕೆ ಹತ್ತು ಪಿಕ್ಸೆಲ್. ಉಳಿಯಿಂದ ಕೊರೆದ ಗೆರೆಯ ಅಗಲ ಮೂರು ಮಿಲಿಮೀಟರ್ ಅಂದರೆ ಒಂದೇ ಒಂದು ಪಿಕ್ಸೆಲ್. ಅದೂ ಬೆಳಕು ಹಿಂದಿನಿಂದ ಬಿದ್ದಿದ್ದರಿಂದ ಆ ಪಿಕ್ಸೆಲ್ಲೂ ಕಪ್ಪು, ಪಕ್ಕದ್ದೂ ಕಪ್ಪು. ಏನು ಮಾಡಿದರೂ ಅಲ್ಲಿಂದ ಅಕ್ಷರ ಹೊರಗೆ ಬರಲ್ಲ, ಯಾಕಂದ್ರೆ ಅದು ಒಳಗೇ ಹೋಗಿಲ್ಲ.

ಆದರೂ ಆಸೆ. ಫೋಟೋ ಸ್ಪಷ್ಟ ಮಾಡಿಕೊಡುವ ಆ್ಯಪ್ ಒಂದಕ್ಕೆ ಹಾಕಿದೆ. ಅದು ತುಂಬಾ ವಿಧೇಯವಾಗಿ ಎರಡು ಪಟ್ಟಿಕೆಯ ತುಂಬ ಅಕ್ಷರ ಜೋಡಿಸಿಕೊಟ್ಟಿತು. ನೋಡೋಕೆ ಶಾಸನದ ಹಾಗೇ ಇದೆ. ಓದಲು ಹೋದರೆ ಕನ್ನಡವೂ ಅಲ್ಲ, ತಮಿಳೂ ಅಲ್ಲ, ಯಾವ ಲಿಪಿಯೂ ಅಲ್ಲ. ಕೋಲಾರ ಕಡೆ ತಮಿಳು ಶಾಸನಗಳೂ ಬೇಕಾದಷ್ಟಿವೆ. ಹಾಗಾಗಿ ನನ್ನ ಅತಿ ಜನಪ್ರಿಯ ಫೋಟೋದಲ್ಲಿರುವ ಶಾಸನ ಯಾವ ಭಾಷೆಯದು ಅನ್ನುವುದನ್ನೂ ನಾನು ಇವತ್ತು ಹೇಳಲಾರೆ.

ಇದು ನನ್ನ ಫೋಟೋದ ವಿಮರ್ಶೆ. ಈಗ ನಾವೆಲ್ಲರೂ ಹಂಚುವ ಫೋಟೋಗಳಿಗೆ ಬರುತ್ತೇನೆ.

ಮೊದಲನೆಯದು, ಕತ್ತರಿಸಿದ ಫೋಟೋ. ಆತಕೂರಿನ ಕಲ್ಲು ನಿಮಗೆಲ್ಲ ಗೊತ್ತು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಊರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯದಲ್ಲಿದೆ. ನಾಯಿಯೊಂದು ದೊಡ್ಡ ಹಂದಿಯ ಮೇಲೆ ಎಗರಿರುವ ಶಿಲ್ಪ. ಇದರ ಫೋಟೋ ಸುತ್ತಾಡುವಾಗ ಯಾವಾಗಲೂ ನಾಯಿ ಮತ್ತು ಹಂದಿ ಮಾತ್ರ ಇರುತ್ತವೆ. ಸುತ್ತಲಿನ ಬರಹವನ್ನು ನೀಟಾಗಿ ಕತ್ತರಿಸಿರುತ್ತಾರೆ. ಕೆಳಗೆ ‘ಸಾವಿರ ವರ್ಷದ ಹಿಂದೆ ಸ್ವಾಮಿನಿಷ್ಠ ನಾಯಿಗೆ ಕಟ್ಟಿದ ಸ್ಮಾರಕ’ ಅನ್ನುವ ಒಂದು ಸಾಲು. ಸುಳ್ಳೇನಲ್ಲ. ಆದರೆ ಕತ್ತರಿಸಿದ ಭಾಗದಲ್ಲಿ ಏನಿದೆ ನೋಡಿ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಎದುರಿಸಿದ ಯುದ್ಧ ಅಲ್ಲಿದೆ. ಆ ಯುದ್ಧದಲ್ಲಿ ಗಂಗ ಬೂತುಗ ರಾಜಾದಿತ್ಯನನ್ನು ಕೊಂದದ್ದು ಇದೆ. ಬೂತುಗನ ಕಡೆಯ ವೀರ ಮಣಲೇರ ತನ್ನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕು ಕೇಳು ಅಂದಾಗ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದದ್ದು ಇದೆ. ಆ ಕಾಳಿ ಹಂದಿಯೊಂದಿಗೆ ಹೋರಾಡಿ, ಎರಡೂ ಸತ್ತವು. ಊರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಗೊರವ ಉಣ್ಣಬಾರದು ಅಂತ ಕಟ್ಟಳೆಯನ್ನೂ ಹಾಕಿದರು.

ಕ್ರಿ.ಶ. 949-50ರ ಸುಮಾರಿನ ದಕ್ಷಿಣ ಭಾರತದ ರಾಜಕಾರಣದ ಒಂದು ಮುಖ್ಯ ದಾಖಲೆ ಇದು. ಊರು, ರಾಜ್ಯ ಏನು ಬೇಕಾದರೂ ಕೇಳಬಹುದಾಗಿದ್ದ ಮನುಷ್ಯ ಒಂದು ನಾಯಿ ಕೇಳಿದ ಅನ್ನುವುದು ಗೊತ್ತಾದ ಮೇಲೆ ಅದೇ ಶಿಲ್ಪವನ್ನು ಇನ್ನೊಮ್ಮೆ ನೋಡಿ. ನಾಯಿ ಇನ್ನೂ ದೊಡ್ಡದಾಗಿ ಕಾಣುತ್ತೆ. ಕತ್ತರಿಸಿದ್ದರಿಂದ ಕಳೆದುಹೋದದ್ದು ಬರೀ ಇತಿಹಾಸ ಅಲ್ಲ, ಆ ಚಿತ್ರದ ಸೊಗಸೂ ಹೋಯಿತು.

ಎರಡನೆಯದು, ಅದಲುಬದಲಾದ ಫೋಟೋ. ‘ಬೆಂಗಳೂರು’ ಎಂಬ ಹೆಸರು ಮೊದಲು ಕಾಣುವ ಬೇಗೂರಿನ ಶಾಸನ ಅಂತ ಬಂದಾಗಲೆಲ್ಲ ಜತೆಗೆ ಬರುವ ಫೋಟೋ ಹೆಚ್ಚಾಗಿ ತಪ್ಪಾಗಿರುತ್ತೆ. ಬೇಗೂರಿನಿಂದ ಸಂಗ್ರಹಾಲಯಕ್ಕೆ ಬಂದಿರುವ ದೊಡ್ಡ ವೀರಗಲ್ಲು ಒಂದಿದೆ. ಆನೆ, ಕುದುರೆ, ಬಿಲ್ಲಾಳುಗಳು ಕಿಕ್ಕಿರಿದ ಅದ್ಭುತ ಯುದ್ಧದೃಶ್ಯ. ಎಲ್ಲರೂ ಹಾಕೋದು ಅದನ್ನೇ. ಆದರೆ ಅದು ಹೇಳುವುದು ತುಂಬೆಪಾಡಿ ಎಂಬಲ್ಲಿ ನಡೆದ ಕಾಳಗದ ಮಾತು. ಗಂಗ ಎರೆಯಪ್ಪನ ಕಾಲದಲ್ಲಿ ವೀರಮಹೇಂದ್ರನ ವಿರುದ್ಧ ಹೋರಾಡಿ ನಾಗತ್ತರ ಸತ್ತ. ಆಮೇಲೆ ಇರುಗನಿಗೆ ನಾಗತ್ತರ ಪಟ್ಟ ಕಟ್ಟಿ ಬೆಂಪೂರು ಹನ್ನೆರಡನ್ನು ಕೊಟ್ಟರು. ಬೆಂಗಳೂರಿನ ಕಾಳಗವನ್ನು ಹೇಳುವ ಕಲ್ಲು ಬೇರೆ. ಅದು ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲೇ ಇದೆ. ಕೆಲವೇ ಸಾಲುಗಳ ಬರಹ.

ಹೀಗೇಕೆ ಆಗುತ್ತೆ ಅಂದರೆ, ಎರಡನೆಯ ಕಲ್ಲು ಫೋಟೋದಲ್ಲಿ ಚೆನ್ನಾಗಿ ಬರಲ್ಲ. ಚಂದದ ಕಲ್ಲಿನ ಫೋಟೋ, ಮುಖ್ಯವಾದ ಕಲ್ಲಿನ ವಿವರ, ಎರಡನ್ನೂ ಕೂಡಿಸಿಬಿಟ್ಟರೆ ಎಲ್ಲರಿಗೂ ಇಷ್ಟವಾಗುತ್ತೆ. ಹೀಗೆ ಮಾಡುವವರಿಗೆ ದುರುದ್ದೇಶ ಇಲ್ಲ ಅಂತ ನನಗೆ ಗೊತ್ತು. ಆದರೆ ಈ ಜೋಡಿಯನ್ನು ನೋಡಿ ಬೇಗೂರಿಗೆ ಹೋದ ಶಾಲೆಯ ಮಗು ಆನೆ ಎಲ್ಲಿ ಅಂತ ಹುಡುಕುತ್ತೆ. ಎದುರಿಗೇ ಇರುವ ತನ್ನ ಊರಿನ ಹೆಸರಿನ ಕಲ್ಲನ್ನು ದಾಟಿ ಹೋಗುತ್ತೆ.

ಮೂರನೆಯದು, ಬೆರಗಿನ ಫೋಟೋ. ‘ಅಪರೂಪದ ಉಬ್ಬು ಅಕ್ಷರದ ಕನ್ನಡ ಶಾಸನ’ ಅಂತ ವರ್ಷಕ್ಕೆ ಒಂದೆರಡಾದರೂ ಫೋಟೋ ನನ್ನ ಕಣ್ಣಿಗೆ ಬೀಳುತ್ತವೆ. ನಮ್ಮ ಕನ್ನಡ ಶಾಸನಗಳಲ್ಲಿ ಅಕ್ಷರವನ್ನು ಕಲ್ಲಿನ ಒಳಕ್ಕೆ ಕೊರೆಯುವುದೇ ರೂಢಿ. ಉಬ್ಬು ಅಕ್ಷರ ನೋಡಬೇಕು ಅಂದರೆ ವಿಜಯಪುರಕ್ಕೆ ಹೋಗಬೇಕು. ಇಬ್ರಾಹಿಂ ರೋಜಾದ ಗೋಡೆಗಳ ಮೇಲಿನ ಬರಹವನ್ನು ಸುತ್ತಲಿನ ಕಲ್ಲು ತೆಗೆದು ಎಬ್ಬಿಸಿದ್ದಾರೆ. ಹಾಗಾದರೆ ಆ ಕನ್ನಡ ಶಾಸನದ ಫೋಟೋದಲ್ಲಿ ಉಬ್ಬಿ ಕಾಣುತ್ತಲ್ಲ, ಅದು?

ಬೆಳಕಿನ ಆಟ. ನಮ್ಮ ಮೆದುಳು ಬೆಳಕು ಮೇಲಿನಿಂದಲೇ ಬರುತ್ತೆ ಅಂತ ನಂಬಿಕೊಂಡಿದೆ. ಹುಟ್ಟಿದಾಗಿನಿಂದ ಸೂರ್ಯ ಮೇಲೇ ಇದ್ದಾನಲ್ಲ. ಮೇಲಿನಿಂದ ಬೆಳಕು ಬಿದ್ದಾಗ ಹಳ್ಳದ ಮೇಲಂಚು ಕತ್ತಲು, ಕೆಳಂಚು ಬೆಳಕು. ಉಬ್ಬಾದರೆ ಇದಕ್ಕೆ ತಿರುಗಾಮುರುಗಾ. ಈಗ ನೆಲಮಟ್ಟದಲ್ಲಿ ನಿಂತ ಕಲ್ಲಿಗೆ ನಾವು ಏನು ಮಾಡ್ತೇವೆ? ಇನ್ನೊಂದು ಮೊಬೈಲಿನ ಟಾರ್ಚ್ ಹಚ್ಚಿ ನೆಲದ ಮೇಲಿಡ್ತೇವೆ. ಬೆಳಕು ಕೆಳಗಿನಿಂದ ಮೇಲಕ್ಕೆ ಹೋಗುತ್ತೆ, ನೆರಳುಗಳೆಲ್ಲ ಉಲ್ಟಾ ಆಗುತ್ತವೆ, ಕೊರೆದ ಅಕ್ಷರ ಉಬ್ಬಿದ ಹಾಗೆ ಕಾಣುತ್ತೆ. ಅನುಮಾನ ಬಂದರೆ ಪರೀಕ್ಷೆ ಸುಲಭ. ಕಲ್ಲಿನಲ್ಲಿ ಸಹಜವಾಗಿ ಚಕ್ಕೆ ಎದ್ದ ಜಾಗ ನೋಡಿ. ಅದೂ ಗುಳ್ಳೆಯ ಹಾಗೆ ಉಬ್ಬಿ ಕಂಡರೆ ಕಣ್ಣು ಮೋಸ ಹೋಗಿದೆ ಅಂತಲೇ ಅರ್ಥ. ಫೋಟೋವನ್ನು ತಲೆಕೆಳಗು ಮಾಡಿ ನೋಡಿದರೂ ಸಾಕು, ಉಬ್ಬು ತಗ್ಗಾಗುತ್ತೆ.

ಇನ್ನು ಟಾರ್ಚನ್ನು ಸರಿಯಾದ ಕಡೆಯಿಂದ ಹಿಡಿದವರ ಫೋಟೋದಲ್ಲೂ ಒಂದು ತೊಂದರೆ ಇದೆ. ಓರೆ ಬೆಳಕಿನ ರಾತ್ರಿ ಫೋಟೋ ತುಂಬಾ ಸೊಗಸು, ಕಪ್ಪು ಹಿನ್ನೆಲೆಯಲ್ಲಿ ಅಕ್ಷರಗಳು ಎದ್ದು ಬರುತ್ತವೆ. ಒಪ್ಪಿದೆ, ನನಗೂ ಅದು ಇಷ್ಟ. ಆದರೆ ಒಂದೇ ದಿಕ್ಕಿನ ಬೆಳಕು ಅರ್ಧ ಸತ್ಯ ಹೇಳುತ್ತೆ. ಬೆಳಕು ಬರುವ ದಿಕ್ಕಿಗೆ ಅಡ್ಡವಾಗಿರುವ ಗೆರೆಗೆ ಮಾತ್ರ ನೆರಳು ಬೀಳುತ್ತೆ. ಅದೇ ದಿಕ್ಕಿನಲ್ಲಿ ಸಾಗುವ ಗೆರೆ ಮಾಯವಾಗುತ್ತೆ. ಎಡದಿಂದ ಬೆಳಕು ಹಿಡಿದರೆ ತಲೆಕಟ್ಟು ತೆಳುವಾಗುತ್ತೆ, ಮೇಲಿನಿಂದ ಹಿಡಿದರೆ ನೆಟ್ಟಗಿನ ಗೆರೆಗಳು ಹೋಗುತ್ತವೆ. ಹಾಗಾಗಿ ಒಂದು ಸುಂದರ ಫೋಟೋ ಸಾಲದು. ಅದೇ ಜಾಗದಿಂದ, ಕ್ಯಾಮೆರಾ ಅಲುಗಾಡಿಸದೆ, ಬೆಳಕನ್ನು ಮಾತ್ರ ಸರಿಸುತ್ತಾ ನಾಲ್ಕು ಫೋಟೋ ಬೇಕು. ಅವುಗಳಲ್ಲಿ ಮೂರು ಸಪ್ಪೆಯಾಗಿರುತ್ತವೆ. ನಾವು ಆ ಮೂರನ್ನು ಅಳಿಸಿ ಒಂದನ್ನು ಹಂಚುತ್ತೇವೆ. ತಪ್ಪಾಗೋದು ಅಲ್ಲೇ.

ನಾಲ್ಕನೆಯದು, ಬಣ್ಣ ತುಂಬಿದ ಫೋಟೋ. ಸೀಮೆಸುಣ್ಣ, ಸುಣ್ಣ, ಮೈದಾ ಹಿಟ್ಟು, ಕೆಲವರು ಅರಿಶಿನ. ಹಗಲು ಹೊತ್ತಿನಲ್ಲೂ ಅಕ್ಷರ ಬೆಳ್ಳಗೆ ಹೊಳೆಯುತ್ತೆ, ದೂರದಿಂದಲೂ ಓದಬಹುದು. ಸುಣ್ಣದ ಪುಡಿ ಕಲ್ಲಿನ ರಂಧ್ರದಲ್ಲಿ ಕೂತುಬಿಡುತ್ತೆ, ಹಿಟ್ಟಿಗೆ ಇರುವೆ, ಬೂಷ್ಟು ಬರುತ್ತೆ. ಇದನ್ನು ಬಹಳ ಜನ ಹೇಳಿದ್ದಾರೆ. ನಾನು ಇನ್ನೊಂದು ಕಾರಣ ಸೇರಿಸುತ್ತೇನೆ. ಸೀಮೆಸುಣ್ಣ ಹಿಡಿದವನು ಅಕ್ಷರವನ್ನು ಕಾಣಿಸುವುದಿಲ್ಲ, ತಾನು ಓದಿದ್ದನ್ನು ಬರೆಯುತ್ತಾನೆ.

ಇದನ್ನೂ ಸ್ವಂತ ಅನುಭವದಿಂದಲೇ ಹೇಳ್ತಿದ್ದೇನೆ. ಶುರುವಿನ ದಿನಗಳಲ್ಲಿ ಒಂದು ದಾನಶಾಸನಕ್ಕೆ ಸೀಮೆಸುಣ್ಣ ತುಂಬಿ ಫೋಟೋ ಹಂಚಿದ್ದೆ. ಶಕವರ್ಷ ಇರುವ ಜಾಗ ಒಡೆದಿತ್ತು, ಸಂವತ್ಸರದ ಹೆಸರು ಉಳಿದಿತ್ತು. ನಾನು ‘ಶೋಭಕೃತು’ ಅಂತ ತುಂಬಿದೆ. ಬಹಳ ಜನ ಹಾಗೇ ಓದಿದರು. ಓದದೆ ಇನ್ನೇನು ಮಾಡ್ತಾರೆ, ಅಷ್ಟು ಬೆಳ್ಳಗೆ ಬರೆದಿದ್ದೆನಲ್ಲ. ಕೆಲವು ದಿನಗಳ ಮೇಲೆ ಹಿರಿಯರೊಬ್ಬರು ಫೋನ್ ಮಾಡಿ, "ನೀವು ಕೊಟ್ಟ ತಿಥಿಗೂ ವಾರಕ್ಕೂ ತಾಳೆ ಆಗ್ತಿಲ್ಲವಲ್ಲ, ಹಿಂದಿನ ವರ್ಷಕ್ಕೆ ಸರಿಯಾಗ್ತದೆ. ಸುಣ್ಣ ಇಲ್ಲದ ಫೋಟೋ ಇದೆಯಾ?" ಅಂದರು. ಇರಲಿಲ್ಲ. ಮತ್ತೆ ಹೋಗಿ, ನೀರು ಹಾಕಿ ಮೆತ್ತನೆ ಬ್ರಷ್ಷಿನಿಂದ ತೊಳೆದು, ಎರಡು ಕಡೆಯಿಂದ ಬೆಳಕು ಬಿಟ್ಟು ನೋಡಿದೆ. ನಾನು ಓತ್ವ ಅಂದುಕೊಂಡದ್ದು ಕಲ್ಲಿನ ಬಿರುಕು. ಇದ್ದದ್ದು ಕೊಂಬು. ಅಂದರೆ ‘ಶುಭಕೃತು’. ಅರವತ್ತು ಸಂವತ್ಸರಗಳ ಪಟ್ಟಿಯಲ್ಲಿ ಶುಭಕೃತು ಮೂವತ್ತಾರನೆಯದು, ಶೋಭಕೃತು ಮೂವತ್ತೇಳನೆಯದು. ಒಂದು ವರ್ಷದ ತಪ್ಪು, ಅಷ್ಟೇ ಅನ್ನಬಹುದು. ಆದರೆ ನನ್ನ ಬಿಳಿ ಅಕ್ಷರದ ಫೋಟೋ ಈಗಲೂ ಎಲ್ಲೆಲ್ಲೋ ಓಡಾಡ್ತಿದೆ. ತಿದ್ದಿದ ಫೋಟೋ ಓಡಾಡ್ತಿಲ್ಲ. ಅದು ಬೂದು ಬಣ್ಣದ್ದು, ಯಾರಿಗೂ ಇಷ್ಟವಾಗಲಿಲ್ಲ.

ಪಡಿಯಚ್ಚಿಗೂ ಸೀಮೆಸುಣ್ಣಕ್ಕೂ ವ್ಯತ್ಯಾಸ ಇರೋದು ಇಲ್ಲೇ. ಪಡಿಯಚ್ಚು ತೆಗೆಯುವಾಗ ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ, ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ತಟ್ಟುತ್ತಾರೆ. ಮಸಿ ತಟ್ಟುವವನಿಗೆ ಓದಲು ಬರದಿದ್ದರೂ ನಡೆಯುತ್ತೆ. ಬಿರುಕೂ ಅಕ್ಷರವೂ ಸಮಾನವಾಗಿ ಬಿಳಿಯಾಗಿ ಉಳಿಯುತ್ತವೆ, ತೀರ್ಮಾನ ಓದುವವನದು. ಕಾಗದದ ಮೇಲೆ ಅಕ್ಷರಗಳು ಕಲ್ಲಿನಲ್ಲಿರುವ ಅಳತೆಯಲ್ಲೇ ಬರುತ್ತವೆ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗ 1966ರಲ್ಲಿ ಊಟಿಯಿಂದ ಮೈಸೂರಿಗೆ ಬಂತು. ಆ ವಿಭಾಗ ಕಾಪಿಟ್ಟಿರುವ ಪಡಿಯಚ್ಚುಗಳಿಗೆ ಬೆಲೆ ಬಂದಿರೋದು ಇದರಿಂದ. ಕಲ್ಲು ಹೋದರೂ ಕಾಗದದ ಮೇಲೆ ಮತ್ತೆ ಓದಬಹುದು, ಹಿಂದಿನವರ ಓದನ್ನು ತಿದ್ದಬಹುದು.

ಹಾಗಂತ ಫೋಟೋ ಕೀಳು ಅಂತಲ್ಲ. ನಮ್ಮ ಶಾಸನ ಅಧ್ಯಯನ ಶುರುವಾದದ್ದರಲ್ಲಿ ಫೋಟೋದ ಪಾಲು ದೊಡ್ಡದು. 1860ರ ದಶಕದಲ್ಲಿ ಮೇಜರ್ ಡಿಕ್ಸನ್ ಮೈಸೂರು ಸೀಮೆಯ ಶಾಸನಗಳ ಫೋಟೋ ತೆಗೆದಿದ್ದರು. ಆ ಫೋಟೋಗಳನ್ನು ಮುಂದಿಟ್ಟುಕೊಂಡೇ ರೈಸ್ ಅವರು 1879ರ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’ ಪುಸ್ತಕದ ಬಹುಭಾಗವನ್ನು ಸಿದ್ಧಪಡಿಸಿದರು. ಗಾಜಿನ ಫಲಕ, ರಾಸಾಯನಿಕ, ಕತ್ತಲ ಡೇರೆ ಎಲ್ಲವನ್ನೂ ಹೊತ್ತುಕೊಂಡು ತಿರುಗಬೇಕಾಗಿದ್ದ ಕಾಲ ಅದು. ಒಂದು ಫಲಕಕ್ಕೆ ಅಷ್ಟು ಕಷ್ಟ ಇದ್ದಾಗ ಎದುರಿಗೆ ನಿಂತು ಅಕ್ಷರ ಬರುವ ಹಾಗೆ ತೆಗೆದರು. ನಮ್ಮ ಜೇಬಿನಲ್ಲಿ ಸಾವಿರ ಫೋಟೋಗೆ ಜಾಗ ಇದೆ. ನಾವು ಸೂರ್ಯಾಸ್ತ ತೆಗೆಯುತ್ತೇವೆ.

ಈಗಿನ ಕಾಲದ ಒಳ್ಳೆಯ ಉದಾಹರಣೆಯೂ ಬೆಂಗಳೂರಿನಲ್ಲೇ ಇದೆ. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ಕಲ್ಲು ಗಂಗ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಇಂಥ ಕಲ್ಲುಗಳನ್ನು ಮಿಥಿಕ್ ಸೊಸೈಟಿಯವರು 3ಡಿ ಸ್ಕ್ಯಾನ್ ಮಾಡಿಸುತ್ತಿದ್ದಾರೆ. ಅದರಲ್ಲಿ ಕಲ್ಲಿನ ಬಣ್ಣ, ಪಾಚಿ, ಕಲೆ ಎಲ್ಲ ತೆಗೆದು ಮೈಯ ಏರುತಗ್ಗು ಮಾತ್ರ ನೋಡಬಹುದು. ಬೆಳಕನ್ನು ಕಂಪ್ಯೂಟರಿನಲ್ಲೇ ಎತ್ತ ಬೇಕಾದರೂ ತಿರುಗಿಸಬಹುದು. ನಮ್ಮಂಥವರ ಹತ್ತಿರ ಸ್ಕ್ಯಾನರ್ ಇಲ್ಲ, ನಿಜ. ಆದರೆ ಅದರ ಹಿಂದಿನ ನಿಯಮ ಎಲ್ಲರಿಗೂ ಸಲ್ಲುತ್ತೆ: ಮೊದಲು ಕಲ್ಲನ್ನು ಪೂರ್ತಿ ಹಿಡಿದಿಡು, ಓದೋದು, ಮೆಚ್ಚೋದು ಆಮೇಲೆ.

ಕೊನೆಯದಾಗಿ ಜಾಗದ ವಿಷಯ. ಊರಿನ ಹೆಸರೇ ಇಲ್ಲದ ಫೋಟೋ ಯಾರಿಗೂ ಉಪಯೋಗ ಇಲ್ಲ. ಇದನ್ನು ನಾನೇ ಹಲವು ಸಲ ಖಾರವಾಗಿ ಹೇಳಿದ್ದೆ. ಈಗ ಸ್ವಲ್ಪ ತಿದ್ದಿಕೊಂಡಿದ್ದೇನೆ. ಹೊಲದಲ್ಲಿ ಒಂಟಿಯಾಗಿರುವ ಕಲ್ಲಿನ ಫೋಟೋಗೆ ‘ನಿಗೂಢ ಲಿಪಿ’, ‘ರಹಸ್ಯ ಚಿಹ್ನೆ’ ಅಂತ ಶೀರ್ಷಿಕೆ ಕೊಟ್ಟು ಜತೆಗೆ ಮ್ಯಾಪ್ ಕೊಂಡಿಯನ್ನೂ ಕೊಟ್ಟರೆ, ಮುಂದಿನ ಅಮಾವಾಸ್ಯೆಗೆ ಅಲ್ಲಿ ಗುಂಡಿ ತೋಡಿರುತ್ತಾರೆ. ನಿಧಿಯ ಆಸೆಗೆ ಬುಡ ಸಡಿಲಗೊಂಡು ಮಲಗಿದ ಕಲ್ಲುಗಳನ್ನು ನಾವೆಲ್ಲ ನೋಡಿದ್ದೇವೆ. ಸೂರ್ಯ, ಚಂದ್ರ, ಹಸು ಕರು ಇರೋದು ದಾನಶಾಸನದ ಮೇಲಿನ ಸಾಮಾನ್ಯ ಗುರುತು. ದಾನ ಸೂರ್ಯಚಂದ್ರರಿರುವವರೆಗೆ ನಡೆಯಲಿ ಎಂಬ ಅರ್ಥ ಅದಕ್ಕೆ. ಅದನ್ನು ರಹಸ್ಯ ಅನ್ನುವುದು ಸುಳ್ಳು ಮಾತ್ರವಲ್ಲ, ಕಲ್ಲಿಗೆ ಅಪಾಯವೂ ಹೌದು. ಊರು, ತಾಲ್ಲೂಕು ಬರೆಯಿರಿ. ನಿಖರವಾದ ಜಾಗವನ್ನು ನಿಮ್ಮ ಟಿಪ್ಪಣಿಯಲ್ಲಿಟ್ಟುಕೊಳ್ಳಿ, ಅಧ್ಯಯನ ಮಾಡುವವರು ಕೇಳಿದರೆ ಕೊಡಿ.

ಈಗ ನಾನು ಒಂದು ಕಲ್ಲಿನ ಮುಂದೆ ನಿಂತರೆ ಮಾಡೋದು ಇಷ್ಟು. ಎದುರಿನಿಂದ, ನೇರವಾಗಿ, ಪೂರ್ತಿ ಕಲ್ಲು. ಪಕ್ಕದಲ್ಲಿ ಒಂದು ಅಡಿಕೋಲು. ಹಿಂಬದಿ, ಎರಡೂ ಮಗ್ಗುಲು, ಯಾಕಂದ್ರೆ ಬರಹ ಎಷ್ಟೋ ಸಲ ಮಗ್ಗುಲಿಗೂ ಹರಿದಿರುತ್ತೆ. ಆಮೇಲೆ ಬರಹವನ್ನು ತುಂಡು ತುಂಡಾಗಿ, ಒಂದರ ಅಂಚು ಇನ್ನೊಂದರಲ್ಲಿ ಬರುವ ಹಾಗೆ. ಬಿಸಿಲು ಜಾಸ್ತಿ ಇದ್ದರೆ ಬೆಡ್‌ಶೀಟ್ ಅಡ್ಡ ಹಿಡಿದು ನೆರಳು ಮಾಡಿ, ಟಾರ್ಚನ್ನು ಕಲ್ಲಿನ ಮೈಗೆ ತಾಗುವಷ್ಟು ಓರೆಯಾಗಿ ನಾಲ್ಕು ಕಡೆಯಿಂದ. ಸುತ್ತಮುತ್ತಲ ಜಾಗದ ಒಂದು ಫೋಟೋ. ಮೂಲ ಫೈಲು ಎರಡು ಕಡೆ ಜೋಪಾನ. ಇಷ್ಟಕ್ಕೆ ಇಪ್ಪತ್ತು ನಿಮಿಷ ಸಾಕು. ಇಷ್ಟೆಲ್ಲ ಮುಗಿದ ಮೇಲೆ ಸೂರ್ಯ ಚೆನ್ನಾಗಿ ಮುಳುಗುತ್ತಿದ್ದರೆ ಧಾರಾಳವಾಗಿ ಮಂಡಿಯೂರಿ ಕೂತು ಅದನ್ನೂ ತೆಗೆಯುತ್ತೇನೆ. ಆ ಆಸೆ ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಜನ ಕಲ್ಲಿನ ಹತ್ತಿರ ಬರೋದು ಅಂಥ ಫೋಟೋ ನೋಡಿಯೇ. ನಾನೂ ಹಾಗೇ ಬಂದವನು.

ಕೊನೆಗೆ ಒಂದು ವಿನಂತಿ. ನೀವು ಕೋಲಾರ ಕಡೆ ಓಡಾಡಿದವರಾಗಿದ್ದರೆ, ನಿಮ್ಮ ಹಳೇ ಫೋಟೋಗಳಲ್ಲಿ ಒಮ್ಮೆ ಹುಡುಕಿ. ಕೆರೆ ಏರಿ, ಹುಣಸೆಮರ, ಐದಡಿಯ ವೀರಗಲ್ಲು. ಕೆಳಗಿನ ಹಂತದಲ್ಲಿ ಬಿಲ್ಲು ಹಿಡಿದ ವೀರ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ. ಫೋಟೋ ಮಸುಕಾಗಿದ್ದರೂ, ಕಲ್ಲಿಗೆ ಒರಗಿ ಯಾರೋ ನಿಂತಿದ್ದರೂ, ಮಧ್ಯಾಹ್ನದ ಸಪ್ಪೆ ಬಿಸಿಲಿನಲ್ಲಿ ತೆಗೆದದ್ದಾದರೂ ಪರವಾಗಿಲ್ಲ. ಆ ಎರಡು ಪಟ್ಟಿಕೆ ಕಾಣುವ ಹಾಗಿದ್ದರೆ ಸಾಕು.